ಮದುವೆಯ ಊಟದ ಲೆಕ್ಕ

ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಬಂಧುಗಳು ಮೊದಲು ಕೇಳುವ ಮಾತು ಒಂದೇ: "ಊಟಕ್ಕೆ ಏನು ದರ ಹೇಳಿದರು?" ತಟ್ಟೆಗೆ ಇಷ್ಟು ರೂಪಾಯಿ ಎಂಬ ಲೆಕ್ಕ ಬೀದರ ನಗರದಿಂದ ಹೊರಟು ಭಾಲ್ಕಿ, ಔರಾದದ ಹಳ್ಳಿಗಳವರೆಗೂ ಮುಟ್ಟಿದೆ. ಓಣಿಯ ಹೆಣ್ಣುಮಕ್ಕಳು ಕೂಡಿ ರೊಟ್ಟಿ ಬಡಿಯುತ್ತಿದ್ದ, ಗಂಡಸರು ಅಂಗಳದಲ್ಲಿ ಒಲೆ ತೋಡಿ ಹುಗ್ಗಿ ಕುದಿಸುತ್ತಿದ್ದ ಕಾಲವನ್ನು ನೆನೆದು ನಿಟ್ಟುಸಿರು ಬಿಡುವುದು ನಮ್ಮ ಉದ್ದೇಶವಲ್ಲ. ಆ ಹೆಣ್ಣುಮಕ್ಕಳು ಮದುವೆಯನ್ನು ಕಂಡದ್ದು ಹೊಗೆಯ ಮರೆಯಿಂದಲೇ. ದುಡಿದವರ ಕೈಗೆ ಕೂಲಿ ಸೇರುವ ಗುತ್ತಿಗೆಯ ಪದ್ಧತಿ ನಮಗೆ ಒಪ್ಪಿಗೆಯೇ. ಆದರೆ ಆ ಗುತ್ತಿಗೆಯ ಲೆಕ್ಕವನ್ನು ಮಾತ್ರ ನಾವು ಕಲಿತಿಲ್ಲ. ಕಲಿಯದೆ ಸಾಲ ಮಾಡುತ್ತಿದ್ದೇವೆ.

2023ರ ಮೇ ತಿಂಗಳಲ್ಲಿ ಭಾಲ್ಕಿಯಲ್ಲಿ ನಮ್ಮ ಮಗಳ ಮದುವೆ ನಡೆಯಿತು. ಅಡುಗೆಯ ಗುತ್ತಿಗೆದಾರರು ಬೀದರದವರು. ತಟ್ಟೆಗೆ 190 ರೂ. ಎಂದವರೊಡನೆ ಒಂದು ಗಂಟೆ ಚೌಕಾಶಿ ಮಾಡಿ 180ಕ್ಕೆ ಇಳಿಸಿ, ಹನ್ನೆರಡು ಸಾವಿರ ಉಳಿಸಿದೆವೆಂದು ಬೀಗುತ್ತ ಮನೆಗೆ ಬಂದೆವು. ಎಷ್ಟು ತಟ್ಟೆ ಎಂದು ಅವರು ಕೇಳಿದಾಗ ಮಾತ್ರ ಯೋಚನೆಯನ್ನೇ ಮಾಡದೆ "1,200 ಹಿಡಿಯಿರಿ" ಎಂದಿದ್ದೆವು. ಕಡಿಮೆ ಬಿದ್ದರೆ ಬೀಗರ ಮುಂದೆ ಮಾನ ಹೋಗುತ್ತದೆ ಎಂಬ ಭಯವೇ ಆ ಸಂಖ್ಯೆಯನ್ನು ಹೇಳಿಸಿತು.

ಅಂದು ಒಳ್ಳೆಯ ಮುಹೂರ್ತ. ಊರಲ್ಲಿ ಹತ್ತಾರು ಮದುವೆಗಳು. ಅಕ್ಕಿಕಾಳು ಹಾಕಿದವರಲ್ಲಿ ಅನೇಕರು ಕೈಮುಗಿದು ಇನ್ನೊಂದು ಮದುವೆಗೆ ಹೊರಟರು. ಉಂಡವರು 840 ಜನ. ಒಪ್ಪಂದ 1,200ರದ್ದಾದುದರಿಂದ 2,16,000 ರೂ., ಅದರ ಮೇಲೆ ಶೇ. 5 ಜಿ.ಎಸ್.ಟಿ. 10,800 ರೂ., ಒಟ್ಟು 2,26,800 ರೂ. ತೆತ್ತೆವು. ಉಂಡವರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಒಬ್ಬರ ಊಟಕ್ಕೆ 270 ರೂ. ಬಿತ್ತು. ದರದಲ್ಲಿ ಹನ್ನೆರಡು ಸಾವಿರ ಉಳಿಸಿ, ಎಣಿಕೆಯಲ್ಲಿ ಅರವತ್ತೆಂಟು ಸಾವಿರ ಕಳೆದಿದ್ದೆವು. ಅದು ಸಾಲದ ಹಣ.

ಗುತ್ತಿಗೆದಾರರನ್ನು ದೂರಲು ಹೋದವರು ನಾವೇ ಬಾಯಿ ಮುಚ್ಚಿಕೊಂಡು ಬಂದೆವು. ಅವರು ಹಿಂದಿನ ದಿನವೇ ತರಕಾರಿ ತಂದಿದ್ದಾರೆ. ಅಡುಗೆಯವರಿಗೆ, ಬಡಿಸುವವರಿಗೆ, ಪಾತ್ರೆ ತೊಳೆಯುವ ಹೆಂಗಸರಿಗೆ ದಿನಗೂಲಿ ಗೊತ್ತು ಮಾಡಿದ್ದಾರೆ. ನಲವತ್ತು ಕಿಲೊಮೀಟರು ದೂರದಿಂದ ಗಾಡಿ ಕಟ್ಟಿಸಿದ್ದಾರೆ. ನಾವು ಹೇಳಿದಷ್ಟು ಜನ ಬಾರದಿದ್ದರೆ ಅವರು ಯಾರನ್ನು ಕೇಳಬೇಕು? "ಕನಿಷ್ಠ ತಟ್ಟೆ" ಎಂಬ ಷರತ್ತು ಇರುವುದೇ ಈ ಕಾರಣಕ್ಕೆ. ಆ ಸಂಖ್ಯೆಯನ್ನು ಕಡಿಮೆ ಇಟ್ಟು, ಮೇಲೆ ಬಂದವರಿಗೆ ತಟ್ಟೆ ಎಣಿಸಿ ಅದೇ ದರ ಕೊಡುವೆವೆಂದು ಕಾಗದದಲ್ಲಿ ಬರೆಸಿದ್ದರೆ ಸಾಕಿತ್ತು. ತಟ್ಟೆಯ ಕಟ್ಟುಗಳನ್ನು ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಎಣಿಸಲು ಮನೆಯ ಒಬ್ಬ ಹುಡುಗನನ್ನು ನಿಲ್ಲಿಸಿದರೆ ಜಗಳವೂ ಇಲ್ಲ. ತೆರಿಗೆಯ ಬಗ್ಗೆಯೂ ಒಂದು ಮಾತು: ಹೊರಗಿನ ಅಡುಗೆ ಗುತ್ತಿಗೆಗೆ ಮೊದಲು ಶೇ. 18 ಇದ್ದದ್ದು 2019ರ ಅಕ್ಟೋಬರ್ 1ರಿಂದ ಶೇ. 5 ಆಗಿದೆ. ಜಿ.ಎಸ್.ಟಿ. ನೋಂದಣಿ ಇಲ್ಲದವರು ಅದನ್ನು ವಸೂಲು ಮಾಡುವಂತಿಲ್ಲ. ಆದುದರಿಂದ ದರ ತೆರಿಗೆ ಸೇರಿಯೋ ಸೇರದೆಯೋ ಎಂದು ಮೊದಲೇ ಕೇಳಿಕೊಳ್ಳಬೇಕು.

ಇನ್ನು ಬಗೆಗಳ ಮಾತು. ಬೀಗರು ಹತ್ತು ಬಗೆ ಕೇಳಿದರು, ನಾವು ಹನ್ನೆರಡು ಮಾಡಿಸಿದೆವು. ನಿಂತು ಉಣ್ಣುವ ಬಫೆಯಲ್ಲಿ ಅತಿಥಿಯು ಎರಡನೆಯ ಸಲ ಸಾಲಿನಲ್ಲಿ ನಿಲ್ಲಲು ಬೇಸರಪಟ್ಟು ಹನ್ನೆರಡನ್ನೂ ಒಮ್ಮೆಗೇ ಹೇರಿಕೊಳ್ಳುತ್ತಾನೆ, ಅರ್ಧ ಬಿಡುತ್ತಾನೆ. ಮೇ ತಿಂಗಳ ಬಿಸಿಲಿನಲ್ಲಿ ಖವೆಯ ಸಿಹಿ, ಪನೀರಿನ ಪಲ್ಯ ಎಷ್ಟು ಹೊತ್ತು ತಡೆದಾವು? ಸಂಜೆಗೆ ಅವನ್ನು ಯಾರಿಗೂ ಕೊಡುವಂತಿರಲಿಲ್ಲ. ಬೀದರದ ನಾನಕ ಝೀರಾ ಗುರುದ್ವಾರದ ಲಂಗರಿನಲ್ಲಿ ಉಂಡವರಿಗೆ ಇದರ ಅಂತರ ತಿಳಿದೀತು. ಅಲ್ಲಿ ಬಂದವರೆಲ್ಲರೂ ಒಂದೇ ಪಂಕ್ತಿಯಲ್ಲಿ ನೆಲದ ಮೇಲೆ ಕೂಡುತ್ತಾರೆ. ರೊಟ್ಟಿ, ದಾಲು ಮುಂತಾದ ಕೆಲವೇ ಬಗೆ. ಸ್ವಲ್ಪ ಸ್ವಲ್ಪ ಬಡಿಸಿ, ಬೇಕೆಂದಾಗ ಮತ್ತೆ ಬಡಿಸುತ್ತಾರೆ. ನಮ್ಮ ಮಠಗಳ ದಾಸೋಹದ ಪಂಕ್ತಿಯೂ ಹೀಗೆಯೇ. ಮಠದಲ್ಲಿ ನೆಲದ ಮೇಲೆ ಕುಳಿತು ಸಂತೋಷದಿಂದ ಉಣ್ಣುವ ನಾವೇ ಮದುವೆಯಲ್ಲಿ ಅದನ್ನು ಬಡತನವೆಂದು ಭಾವಿಸುವುದು ವಿಚಿತ್ರ.

2025ರ ಫೆಬ್ರುವರಿಯಲ್ಲಿ ಔರಾದದಲ್ಲಿ ತಮ್ಮನ ಮಗಳ ಮದುವೆ. ಈ ಸಲ ಕಿರಾಣಿ ಸಾಮಾನು ಮನೆಯದು, ಅಡುಗೆ ಮತ್ತು ಬಡಿಸುವ ಕೂಲಿ ಮಾತ್ರ ಗುತ್ತಿಗೆ. ರೊಟ್ಟಿ, ಬದನೆಕಾಯಿ ಪಲ್ಯ, ಕಾಳುಪಲ್ಯ, ಗೋಧಿ ಹುಗ್ಗಿ, ಅನ್ನ, ಸಾರು, ಮಜ್ಜಿಗೆ; ಪಂಕ್ತಿಯಲ್ಲಿ ಬಡಿಸಿದ್ದು. ಉಂಡವರು 540 ಜನ. ತಮ್ಮನ ವಹಿಯಲ್ಲಿ ಇರುವುದು ಇಷ್ಟು: ಕಿರಾಣಿ ಮತ್ತು ತರಕಾರಿ 46,000 ರೂ., ಕೂಲಿ 22,000, ನಾಲ್ಕು ಗ್ಯಾಸ್ ಸಿಲಿಂಡರು 7,200, ಪಾತ್ರೆ ಬಾಡಿಗೆ ಮತ್ತು ಗಾಡಿ 7,500, ನೀರು 5,000, ಎಲೆ-ಲೋಟ 3,000. ಒಟ್ಟು 90,700 ರೂ. ಸಿಲಿಂಡರು 19 ಕಿಲೊದ ವಾಣಿಜ್ಯದ್ದೇ ಆಗಬೇಕು, ಮನೆಬಳಕೆಯ 14.2 ಕಿಲೊದ್ದನ್ನು ಇಂಥ ಗುತ್ತಿಗೆಯ ಅಡುಗೆಗೆ ಹಚ್ಚುವಂತಿಲ್ಲ.

ಒಬ್ಬರಿಗೆ 168 ರೂ. ಆಯಿತು. ಓದುಗರು ಇಲ್ಲಿ ಒಂದು ಗಮನಿಸಬೇಕು: ಇದು ಭಾಲ್ಕಿಯಲ್ಲಿ ಮಾತಾಡಿದ್ದ 180ಕ್ಕಿಂತ ಬಹಳವೇನೂ ಕಡಿಮೆಯಲ್ಲ. ಹೊಲದ ಹೊಸ ತೊಗರಿಯ ಬೇಳೆಯನ್ನು ತಮ್ಮ ಲೆಕ್ಕಕ್ಕೇ ಹಿಡಿದಿಲ್ಲ. ಹಿಡಿದಿದ್ದರೆ ಅಂತರ ಇನ್ನೂ ಕಿರಿದಾಗುತ್ತಿತ್ತು. ಓಡಾಟದ ದಣಿವು ಬೇರೆ. ಸಾಮಾನು ನಾವೇ ತಂದರೆ ಅಗ್ಗವೆಂಬುದು ಅರ್ಧ ಸತ್ಯ. ಅಲ್ಲಿ ಉಳಿತಾಯವಾದದ್ದು ಕರೆಯುವ ಮನೆಗಳ ಹೆಸರನ್ನು ಒಂದೊಂದಾಗಿ ಬರೆದು, ಎಷ್ಟು ಜನ ಬರುವಿರೆಂದು ಫೋನಿನಲ್ಲಿ ಕೇಳಿದ್ದರಿಂದ. "ಕೇಳಿದರೆ ಏನಂದುಕೊಂಡಾರು" ಎಂದು ನಾವು ಅಳುಕಿದ್ದೆವು. ಯಾರೂ ಏನೂ ಅನ್ನಲಿಲ್ಲ.

ಒಂದು ಕಿಲೊ ಅಕ್ಕಿ ಎಂಟು-ಹತ್ತು ಜನಕ್ಕೆ ಎಂಬ ಲೆಕ್ಕದಂತೆ ತಮ್ಮ ಅಕ್ಕಿ ತಂದಿದ್ದ. ಅದರಲ್ಲಿಯೂ ಒಂದು ಚೀಲ ಬಿಚ್ಚದೆ ಉಳಿಯಿತು. ಮರುದಿನ ಅಂಗಡಿಯವರು ಮರಳಿ ಪಡೆದು ದುಡ್ಡು ಕೊಟ್ಟರು. ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನನ್ನು ಆ ಮನೆಯ ಸೊಸೆ ನೆನೆದಳು, ಎಲ್ಲರೂ ನಕ್ಕರು. ಭಾಲ್ಕಿಯಲ್ಲಿ ಉಳಿದದ್ದು ಬೆಂದ ಅನ್ನವಾಗಿತ್ತು. ಮರಳಿಸಲು ಅಂಗಡಿ ಇರಲಿಲ್ಲ.

2020ರಲ್ಲಿ ಕೊರೊನಾ ಕಾಲಕ್ಕೆ ಸರಕಾರ ಮದುವೆಗೆ 50 ಜನರ ಮಿತಿ ಹಾಕಿದಾಗ, ನಮ್ಮ ಬಳಗದಲ್ಲಿಯೇ ಮೂರು ಮದುವೆಗಳು ಮನೆಯಂಗಳದಲ್ಲಿ ನಡೆದವು. ಆ ಮೂರೂ ಮನೆಗಳಲ್ಲಿ ಸಾಲವಿಲ್ಲ. ಕರೆಯಲಿಲ್ಲವೆಂದು ಮುನಿಸಿಕೊಂಡವರೂ ಉಳಿದಿಲ್ಲ. ಅಷ್ಟು ಕಿರಿದು ಮಾಡಿರೆಂದು ನಾವು ಯಾರಿಗೂ ಹೇಳಲಾರೆವು. ಬರುವ ವೈಶಾಖದಲ್ಲಿ ನಮ್ಮ ಮಗನ ಮದುವೆ ಇದೆ. ಪಟ್ಟಿ ಬರೆಯುತ್ತಿದ್ದೇವೆ; 430 ಹೆಸರಿಗೆ ಬಂದು ನಿಂತಿದೆ. ಹೆಣ್ಣಿನ ಕಡೆಯವರು ಸಾವಿರ ಜನಕ್ಕೆ ಅಣಿಯಾಗುವೆವೆಂದು ಹೇಳಿ ಕಳಿಸಿದ್ದಾರೆ. ಗಂಡಿನ ಕಡೆಯವರು ನಾವು. ಬೇಡವೆಂದು ಮೊದಲು ಹೇಳಬೇಕಾದವರೂ ನಾವೇ. ಬರುವ ಸೋಮವಾರ ಅವರ ಮನೆಗೆ ಹೋಗುತ್ತಿದ್ದೇವೆ, ತಮ್ಮನ ವಹಿಯನ್ನೂ ಜೊತೆಗೆ ಒಯ್ಯುತ್ತೇವೆ.