ನಾಯಿಯ ಹೆರಿಗೆ: ಯಾವಾಗ ಸುಮ್ಮನಿರಬೇಕು, ಯಾವಾಗ ಓಡಬೇಕು?

ಬೀದಿಯ ಹೆಣ್ಣುನಾಯಿ ಯಾವುದೋ ಪಾಳುಗೋಡೆಯ ಮರೆಯಲ್ಲಿ ಗುಂಡಿ ತೋಡಿಕೊಂಡು, ಯಾರ ಕಣ್ಣಿಗೂ ಬೀಳದೆ ಮರಿ ಹಾಕುತ್ತದೆ. ಹಾಗಿರುವಾಗ ಮನೆಯಲ್ಲಿ ಸಾಕಿದ ನಾಯಿಗೆ ನಮ್ಮ ಸಹಾಯವೇಕೆ? ಪ್ರಶ್ನೆ ಸರಿಯಾದದ್ದೇ. ಹೆಚ್ಚಿನ ಹೆರಿಗೆಗಳು ತಾವಾಗಿಯೇ ಸುಸೂತ್ರವಾಗಿ ಮುಗಿಯುತ್ತವೆ. ಆದರೆ ಕೆಲವು ಮುಗಿಯುವುದಿಲ್ಲ. ಪಾಳುಗೋಡೆಯ ಮರೆಯಲ್ಲಿ ಸತ್ತ ತಾಯಿ-ಮರಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ, ಅಷ್ಟೆ.

ಆದ್ದರಿಂದ ಮನೆಯವರ ಕೆಲಸ ಎರಡು. ಎಲ್ಲವೂ ಸರಿಯಿದ್ದಾಗ ಕೈ ಹಾಕದಿರುವುದು. ಕೆಟ್ಟಾಗ ಒಂದು ಗಳಿಗೆಯನ್ನೂ ಕಳೆಯದಿರುವುದು. ಇವೆರಡರ ವ್ಯತ್ಯಾಸ ತಿಳಿಯಲು ಬೇಕಾದ ಸಲಕರಣೆಗಳು ಒಂದು ಗಡಿಯಾರ, ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್.

ದಿನದ ಲೆಕ್ಕ

ನಾಯಿಯ ಗರ್ಭಾವಧಿ ಸರಾಸರಿ 63 ದಿನ. ಆದರೆ ಕೂಡಿದ ದಿನದಿಂದ ಎಣಿಸಿದರೆ 58ರಿಂದ 68 ದಿನಗಳವರೆಗೆ ಹೆಚ್ಚುಕಡಿಮೆ ಆಗಬಹುದು. ಗಂಡಿನ ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಹಲವು ದಿನ ಬದುಕಿದ್ದು ಅಂಡಕ್ಕಾಗಿ ಕಾಯಬಲ್ಲವು. ಹೀಗಾಗಿ ಕೂಡಿದ ದಿನವೇ ಗರ್ಭ ನಿಂತ ದಿನವಲ್ಲ. 55ನೆಯ ದಿನದ ನಂತರ ಎಕ್ಸ್-ರೇ ತೆಗೆಸಿದರೆ ಪಶುವೈದ್ಯರು ಮರಿಗಳ ತಲೆಬುರುಡೆ, ಬೆನ್ನುಮೂಳೆಗಳನ್ನು ಎಣಿಸಿ ಹೇಳಬಲ್ಲರು. ಒಳಗೆ ಇನ್ನೂ ಮರಿ ಉಳಿದಿದೆಯೇ ಎಂಬುದನ್ನು ಹೆರಿಗೆಯ ರಾತ್ರಿ ತಿಳಿಯಲು ಈ ಎಣಿಕೆಗಿಂತ ದೊಡ್ಡ ನೆರವಿಲ್ಲ.

ಒಂದು ವಾರ ಮೊದಲೇ ಮನೆಯ ನಿಶ್ಶಬ್ದ ಮೂಲೆಯಲ್ಲಿ, ನಾಯಿ ಕಾಲು ಚಾಚಿ ಮಲಗುವಷ್ಟು ಅಗಲದ ಪೆಟ್ಟಿಗೆ ಇಡಿ. ಕೆಳಗೆ ಹಳೆಯ ಪತ್ರಿಕೆಗಳು, ಮೇಲೆ ಒಗೆದ ಹಳೆಯ ನೂಲಿನ ಸೀರೆ ಸಾಕು. ನೆರೆಹೊರೆಯ ಮಕ್ಕಳನ್ನೆಲ್ಲ ಕರೆದು ತೋರಿಸುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಹೆದರಿದ ನಾಯಿಯ ಹೆರಿಗೆ ಅರ್ಧಕ್ಕೇ ನಿಲ್ಲಬಹುದು.

ಥರ್ಮಾಮೀಟರ್ ಹೇಳುವ ಸುದ್ದಿ

ಆರೋಗ್ಯವಂತ ನಾಯಿಯ ದೇಹದ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೊನೆಯ ವಾರ ದಿನಕ್ಕೆ ಎರಡು ಬಾರಿ ಗುದದ್ವಾರದಲ್ಲಿ ಅಳೆದು ಬರೆದಿಡಿ. ಗರ್ಭವನ್ನು ಕಾಪಾಡಿಕೊಂಡು ಬಂದ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಕೊನೆಯಲ್ಲಿ ಥಟ್ಟನೆ ಇಳಿಯುತ್ತದೆ. ಅದರ ಜೊತೆಗೇ ಉಷ್ಣತೆಯೂ ಇಳಿಯುತ್ತದೆ. ಅದು 99 ಡಿಗ್ರಿಗಿಂತ ಕೆಳಗೆ ಬಂದರೆ ಸಾಮಾನ್ಯವಾಗಿ 24 ಗಂಟೆಗಳೊಳಗೆ ಹೆರಿಗೆ ಆರಂಭವಾಗುತ್ತದೆ.

ಮೂರು ಹಂತಗಳು

ಮೊದಲ ಹಂತದಲ್ಲಿ ನಾಯಿ ಊಟ ಬಿಡುತ್ತದೆ, ಏದುಸಿರು ಬಿಡುತ್ತದೆ, ನಡುಗುತ್ತದೆ, ಹಾಸಿಗೆಯನ್ನು ಕೆರೆಯುತ್ತದೆ. ಒಳಗೆ ಗರ್ಭಕೋಶದ ಬಾಯಿ ತೆರೆಯುತ್ತಿರುತ್ತದೆ. ಇದಕ್ಕೆ 6ರಿಂದ 12 ಗಂಟೆ, ಕೆಲವೊಮ್ಮೆ 24 ಗಂಟೆ ಹಿಡಿಯುತ್ತದೆ. ಎರಡನೆಯ ಹಂತದಲ್ಲಿ ನಾಯಿ ತಿಣುಕಿ ಮರಿಯನ್ನು ಹೊರದೂಡುತ್ತದೆ. ಮರಿ ಹಿಂಗಾಲು ಮುಂದಾಗಿ ಬಂದರೆ ಗಾಬರಿ ಬೇಡ. ನಾಯಿಗಳಲ್ಲಿ ಅದು ತೀರ ಸಾಮಾನ್ಯ. ಮೂರನೆಯದು ಮಾಸು ಬೀಳುವ ಹಂತ. ಎರಡನೆಯ ಮತ್ತು ಮೂರನೆಯ ಹಂತಗಳು ಒಂದೊಂದು ಮರಿಗೂ ಮತ್ತೆ ಮತ್ತೆ ಬರುತ್ತವೆ. ಮರಿಗಳನ್ನೂ ಮಾಸುಗಳನ್ನೂ ಎಣಿಸಿ, ಹುಟ್ಟಿದ ಹೊತ್ತನ್ನು ಬರೆಯುತ್ತ ಹೋಗಿ.

ಪ್ರತಿ ಮರಿ ತೆಳ್ಳನೆಯ ಪೊರೆಯೊಳಗೆ ಹುಟ್ಟುತ್ತದೆ. ತಾಯಿ ಅದನ್ನು ಹರಿದು, ನೆಕ್ಕಿ ಉಸಿರಾಡಿಸುತ್ತದೆ. ಒಂದೆರಡು ನಿಮಿಷದಲ್ಲಿ ತಾಯಿ ಹಾಗೆ ಮಾಡದಿದ್ದರೆ ಮಾತ್ರ ನೀವು ಕೈ ಹಾಕಬೇಕು. ಕೈಗವಸು ತೊಟ್ಟು ಮೂಗಿನ ಬಳಿ ಪೊರೆ ಹರಿಯಿರಿ, ಬಾಯಿ ಮೂಗು ಒರೆಸಿ, ಒಣ ಟವೆಲಿನಿಂದ ಮೈಯನ್ನು ಚೆನ್ನಾಗಿ ಉಜ್ಜಿ. ತಾಯಿ ಹೊಕ್ಕುಳಬಳ್ಳಿಯನ್ನು ಕಡಿಯದಿದ್ದರೆ, ಹೊಟ್ಟೆಯಿಂದ ಸುಮಾರು 2 ಸೆಂಟಿಮೀಟರ್ ಬಿಟ್ಟು ದಾರದಿಂದ ಕಟ್ಟಿ, ಕುದಿಸಿದ ಕತ್ತರಿಯಿಂದ ಆಚೆಗೆ ಕತ್ತರಿಸಿ, ಅಯೋಡಿನ್ ಹಚ್ಚಿ. ಮರಿಯನ್ನು ತಲೆಕೆಳಗಾಗಿ ಹಿಡಿದು ಬೀಸುವ ಹಳೆಯ ಪದ್ಧತಿ ಬೇಡ, ಮಿದುಳಿಗೆ ಪೆಟ್ಟಾಗುತ್ತದೆ.

ವೈದ್ಯರಲ್ಲಿಗೆ ಓಡಬೇಕಾದಾಗ

ಜೋರಾಗಿ ತಿಣುಕಲು ತೊಡಗಿ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ. ಒಳಗೆ ಮರಿಯಿದ್ದೂ ಎರಡು ಗಂಟೆ ಏನೂ ಆಗದಿದ್ದರೆ. ಮೊದಲ ಮರಿಗೆ ಮುಂಚೆಯೇ ಕಡುಹಸಿರು ಸ್ರಾವ ಕಂಡರೆ. ಉಷ್ಣತೆ ಇಳಿದು 24 ಗಂಟೆ ಕಳೆದರೂ ಹೆರಿಗೆ ಆರಂಭವಾಗದಿದ್ದರೆ. ರಕ್ತ ಹೆಚ್ಚು ಹೋದರೆ ಅಥವಾ ನಾಯಿ ಕುಸಿದು ಮಲಗಿದರೆ. ಹಸಿರು ಬಣ್ಣ ಬರುವುದು ಮಾಸಿನ ಅಂಚಿನಿಂದ. ಮೊದಲ ಮರಿ ಹುಟ್ಟಿದ ಮೇಲೆ ಅದು ಸಹಜ. ಮೊದಲೇ ಬಂದರೆ ಮಾಸು ಕಳಚಿ ಒಳಗಿನ ಮರಿಗೆ ಆಮ್ಲಜನಕ ನಿಂತಿದೆ ಎಂದರ್ಥ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮುಖದ ತಳಿಗಳಲ್ಲಿ ಮರಿಯ ತಲೆ ದೊಡ್ಡದಾಗಿರುವುದರಿಂದ ಶಸ್ತ್ರಚಿಕಿತ್ಸೆ ಬೇಕಾಗುವುದು ಹೆಚ್ಚು. ಇವುಗಳ ಹೆರಿಗೆಯನ್ನು ಮನೆಯಲ್ಲಿ ಮಾಡಿಸುವ ಮೊದಲು ವೈದ್ಯರನ್ನು ಕೇಳಿ.

ಔಷಧಿ ಅಂಗಡಿಯಿಂದ ಆಕ್ಸಿಟೋಸಿನ್ ತಂದು ಚುಚ್ಚುವ ಸಾಹಸ ಖಂಡಿತ ಬೇಡ. ಮರಿ ಅಡ್ಡ ಸಿಕ್ಕಿಕೊಂಡಿದ್ದಾಗ ಗರ್ಭಕೋಶವನ್ನು ಬಲವಂತವಾಗಿ ಹಿಂಡಿದರೆ ಅದು ಹರಿದುಹೋಗಬಹುದು.

ಮೊದಲು ಶಾಖ, ಆಮೇಲೆ ಹಾಲು

ಹೊಸ ಮರಿಗೆ ನಡುಗಿ ಮೈ ಬೆಚ್ಚಗಾಗಿಸಿಕೊಳ್ಳುವ ಶಕ್ತಿಯೇ ಇರುವುದಿಲ್ಲ. ಮೊದಲ ವಾರ ಮರಿಗಳು ಮಲಗುವ ಜಾಗ ಸುಮಾರು 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಇರಲಿ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಬಲ್ಬಿನ ಶಾಖ ಕೊಡಿ. ಸೆಕೆಯಾದ ಮರಿ ತೆವಳಿ ಇನ್ನೊಂದು ಬದಿಗೆ ಹೋಗಲಿ. ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ. ಅದರ ಕರುಳು ಕೆಲಸ ನಿಲ್ಲಿಸಿರುತ್ತದೆ. ನಿಧಾನವಾಗಿ ಬೆಚ್ಚಗಾಗಿಸಿ, ಆಮೇಲೆ ಮೊಲೆಗೆ ಹಚ್ಚಿ. ಮೊದಲ ದಿನದ ಗಿಣ್ಣುಹಾಲಿನಲ್ಲೇ ರೋಗನಿರೋಧಕ ಶಕ್ತಿಯ ಬಹುಪಾಲು ಇದೆ. ಹಸುವಿನ ಹಾಲು ಅದಕ್ಕೆ ಬದಲಿಯಲ್ಲ. ನಾಯಿಯ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಅದರ ಎರಡರಷ್ಟಿಗೂ ಹೆಚ್ಚು. ಮರಿಗಳನ್ನು ದಿನವೂ ತೂಗಿ. ಹುಟ್ಟಿದಾಗಿನ ತೂಕ ಹತ್ತು ದಿನಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. ತೂಕ ಏರದ ಮರಿಯೇ ಅಪಾಯದಲ್ಲಿರುವ ಮರಿ.

ಬಾಣಂತಿಯನ್ನೂ ಮರೆಯಬೇಡಿ. ಹೆರಿಗೆಯಾದ ಮೊದಲ ನಾಲ್ಕು ವಾರಗಳಲ್ಲಿ ನಾಯಿ ನಡುಗಿದರೆ, ಕಾಲು ಸೆಟೆದು ನಡೆದರೆ, ಅದು ರಕ್ತದಲ್ಲಿ ಸುಣ್ಣದ ಅಂಶ ಕುಸಿದ ಲಕ್ಷಣ. ಗಂಟೆಗಳಲ್ಲೇ ಪ್ರಾಣ ಹೋಗಬಹುದು. ಇದನ್ನು ತಡೆಯಲೆಂದು ಬಸಿರಿನಲ್ಲೇ ಕ್ಯಾಲ್ಸಿಯಂ ಮಾತ್ರೆ ನುಂಗಿಸುವವರಿದ್ದಾರೆ. ಅದರ ಫಲ ತಿರುಗುಮುರುಗು. ಹೊರಗಿನಿಂದ ಧಾರಾಳವಾಗಿ ಸಿಕ್ಕಾಗ, ಮೂಳೆಯಿಂದ ಸುಣ್ಣವನ್ನು ತೆಗೆದುಕೊಡುವ ಗ್ರಂಥಿ ಸೋಮಾರಿಯಾಗುತ್ತದೆ. ಹಾಲು ಸುರಿಯುವ ಹೊತ್ತಿಗೆ ಅದು ಏಳುವುದೇ ಇಲ್ಲ.

ರಾತ್ರಿಯಲ್ಲೂ ತೆರೆದಿರುವ ಪಶು ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿ, ಫೋನ್ ನಂಬರನ್ನು ಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿ. ಮರಿಗಳು ಎಂಟು ವಾರ ತಾಯಿಯ ಬಳಿಯಲ್ಲೇ ಇರಲಿ. ಅಷ್ಟರೊಳಗೆ ಪ್ರತಿಯೊಂದಕ್ಕೂ ಒಂದು ಮನೆ ಹುಡುಕಿ. ಅಷ್ಟು ಮನೆಗಳು ಸಿಗಲಾರವು ಎನಿಸಿದರೆ, ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಬಗ್ಗೆ ವೈದ್ಯರೊಡನೆ ಮೊದಲೇ ಮಾತನಾಡಿ.