ನಿಮಗಿದು ಗೊತ್ತೇ? ಪದೇ ಪದೇ ಕೆಡುವ ಲ್ಯಾಪ್‌ಟಾಪ್ ಮತ್ತು ನಿಮ್ಮ ಹಕ್ಕು

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದು ಎರಡು ತಿಂಗಳಾಗಿರುವುದಿಲ್ಲ, ಪರದೆ ಕಪ್ಪಾಗುತ್ತದೆ. ಸರ್ವಿಸ್ ಸೆಂಟರಿಗೆ ಕೊಟ್ಟು ತಂದರೆ ನಾಲ್ಕು ದಿನ ನೆಟ್ಟಗಿದ್ದು ಮತ್ತೆ ಅದೇ ರಾಗ. "ವಾರಂಟಿ ಇದೆಯಲ್ಲ ಸರ್, ಫ್ರೀಯಾಗಿ ಮಾಡಿಕೊಡ್ತೀವಿ" ಎಂಬ ಮಾತಿಗೆ ಸಮಾಧಾನಪಟ್ಟುಕೊಂಡು ವರ್ಷವಿಡೀ ಅಲೆಯುವವರು ಬಹಳ ಮಂದಿ. ಹಾಗೆ ಅಲೆಯಬೇಕಾಗಿಲ್ಲ.

● ಪುಕ್ಕಟೆ ರಿಪೇರಿಯೊಂದೇ ಗ್ರಾಹಕರ ಹಕ್ಕಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಗ್ರಾಹಕರ ಆಯೋಗ ದೋಷ ಸರಿಪಡಿಸಿ ಎನ್ನಬಹುದು, ಅದೇ ಬಗೆಯ ಹೊಸ ಲ್ಯಾಪ್‌ಟಾಪ್ ಕೊಡಿಸಬಹುದು, ಇಲ್ಲವೇ ಹಣವನ್ನು ಬಡ್ಡಿ ಸಮೇತ ವಾಪಸ್ ಕೊಡಿಸಬಹುದು. ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಪರಿಹಾರ, ದಾವೆಯ ಖರ್ಚು ಬೇರೆ.

● ಎಷ್ಟು ಸಲ ಕೆಟ್ಟರೆ ಹೊಸದು ಕೊಡಬೇಕು? ನಮ್ಮ ಕಾಯ್ದೆಯಲ್ಲಿ ಇಂತಿಷ್ಟೇ ಸಲ ಎಂಬ ಲೆಕ್ಕವಿಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ಇದೆ: ದೋಷಪೂರಿತ ವಸ್ತುವನ್ನು ಮೊದಲ 30 ದಿನದೊಳಗೆ ನೇರವಾಗಿ ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದು, ಆಮೇಲಾದರೆ ಅಂಗಡಿಯವರಿಗೆ ಸಿಗುವುದು ರಿಪೇರಿಯ ಒಂದೇ ಅವಕಾಶ. ಅದು ವಿಫಲವಾದರೆ ವಸ್ತುವನ್ನು ತಿರಸ್ಕರಿಸಬಹುದು. ಲಂಡನ್ನಿನಲ್ಲಿರುವ ಮಗನಿಗೋ ಮಗಳಿಗೋ ಇದನ್ನು ತಿಳಿಸಿಡಿ. ನಮ್ಮಲ್ಲಿಯೂ ಇಂಥದೊಂದು ಮಿತಿ ಬರಲೇಬೇಕು. ಅದಿಲ್ಲದಿರುವುದರಿಂದಲೇ ಮೂರನೇ, ನಾಲ್ಕನೇ ರಿಪೇರಿಯನ್ನೂ ಮಾಮೂಲಿ ಎಂಬಂತೆ ನಡೆಸಿಕೊಂಡು ಹೋಗುತ್ತಾರೆ.

● ವಾರಂಟಿ ಕಾರ್ಡಿನ ಸಣ್ಣಕ್ಷರಗಳನ್ನು ಓದಿದ್ದೀರಾ? 2006ರಲ್ಲಿ ಮಾರುತಿ ಉದ್ಯೋಗ್ ವಿರುದ್ಧದ ಕಾರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಹೇಳಿರುವುದು ಕೆಟ್ಟ ಬಿಡಿಭಾಗ ಬದಲಿಸುವುದನ್ನೇ ಹೊರತು ಇಡೀ ಕಾರನ್ನಲ್ಲ ಎಂದಿತು. ಲ್ಯಾಪ್‌ಟಾಪ್ ಕಂಪನಿಗಳಿಗೂ ಈ ವಾದ ಒದಗುತ್ತದೆ. ಹಾಗಾಗಿ "ತುಂಬಾ ತೊಂದರೆಯಾಗಿದೆ" ಎಂದಷ್ಟೇ ದೂರಿದರೆ ಸಾಲದು. ರಿಪೇರಿಯಾದ ಮೇಲೂ ಅದೇ ದೋಷ ಉಳಿದಿದೆ, ಅದು ತಯಾರಿಕೆಯಲ್ಲೇ ಇದೆ ಎಂದು ತೋರಿಸಬೇಕು.

● ತೋರಿಸುವುದು ಹೇಗೆ? ಜಾಬ್ ಶೀಟಿನಿಂದ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ನೀವು "ಇಪ್ಪತ್ತು ನಿಮಿಷಕ್ಕೆ ಬಿಸಿಯಾಗಿ ತಾನಾಗಿಯೇ ಆಫ್ ಆಗುತ್ತೆ, ಹೋದ ತಿಂಗಳೂ ಇದಕ್ಕೇ ಬಂದಿದ್ದೆ" ಎನ್ನುತ್ತೀರಿ. ಅತ್ತ ಕೂತವರು "ಸಿಸ್ಟಮ್ ಚೆಕಿಂಗ್" ಎಂದು ಎರಡೇ ಪದ ಟೈಪ್ ಮಾಡುತ್ತಾರೆ. ಸಹಿ ಮಾಡುವ ಮುನ್ನ ಓದಿ. ದೋಷವೇನು, ಇದು ಎಷ್ಟನೇ ಸಲ, ಹಿಂದಿನ ಜಾಬ್ ಶೀಟಿನ ನಂಬರ್ ಏನು, ಮೂರೂ ಅದರಲ್ಲಿ ಬರಲಿ. ಬರೆಯಲೊಪ್ಪದಿದ್ದರೆ ಅಲ್ಲೇ ನಿಂತು ಕಂಪನಿಗೆ ಇ-ಮೇಲ್ ಕಳಿಸಿ. ದಿನ, ಹೊತ್ತು ತಾನೇ ದಾಖಲಾಗುತ್ತದೆ. ವಾಪಸ್ ಪಡೆಯುವಾಗ ಯಾವ ಬಿಡಿಭಾಗ ಬದಲಾಯಿತು ಎಂಬ ಚೀಟಿಯನ್ನೂ ಕೇಳಿ. ಒಂದೇ ದೋಷಕ್ಕೆ ಮೂರು ಸಲ ಮದರ್‌ಬೋರ್ಡ್ ಬದಲಿಸಿದ ಕಾಗದ ನಿಮ್ಮಲ್ಲಿದ್ದರೆ, ಕಂಪನಿಯೇ ನಿಮ್ಮ ಪರ ಸಾಕ್ಷಿ ಬರೆದುಕೊಟ್ಟಂತೆ.

● ವಿಂಡೋಸ್ ಲ್ಯಾಪ್‌ಟಾಪ್ ತನ್ನ ಕಾಯಿಲೆಯ ಲೆಕ್ಕವನ್ನು ತಾನೇ ಇಡುತ್ತದೆ. ಸರಿಯಾಗಿ ಶಟ್‌ಡೌನ್ ಆಗದೆ ಏಕಾಏಕಿ ನಿಂತು ಮತ್ತೆ ಚಾಲೂ ಆದರೆ 'ಇವೆಂಟ್ ವ್ಯೂವರ್'ನಲ್ಲಿ 41ನೇ ಸಂಖ್ಯೆಯ ದಾಖಲೆ, ತಾರೀಖು ಮತ್ತು ಸಮಯದೊಂದಿಗೆ ಸೇರಿಕೊಳ್ಳುತ್ತದೆ. ರಿಪೇರಿಗೆ ಕೊಡುವ ಮೊದಲೇ ಅದರ ಫೋಟೊ ತೆಗೆದಿಡಿ. ಡಿಸ್ಕ್ ಬದಲಿಸಿದರೆ ಅಥವಾ ವಿಂಡೋಸ್ ಹೊಸದಾಗಿ ಹಾಕಿದರೆ ಎಲ್ಲ ಅಳಿಸಿಹೋಗುತ್ತದೆ. ನಿಮ್ಮ ಕಡತಗಳೂ ಹೋಗುತ್ತವೆ, ಅದಕ್ಕೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ.

● "ಒಳಗೆ ನೀರು ಬಿದ್ದಿದೆ" ಎಂದು ವಾರಂಟಿ ನಿರಾಕರಿಸಿದರೆ? ಕೆಲವು ಲ್ಯಾಪ್‌ಟಾಪ್‌ಗಳೊಳಗೆ ತೇವ ತಗುಲಿದರೆ ಕೆಂಪಗಾಗುವ ಪುಟ್ಟ ಬಿಳಿ ಸ್ಟಿಕ್ಕರ್ ಇರುತ್ತದೆ. ಅದನ್ನು ನಿಮ್ಮೆದುರೇ ತೋರಿಸಲು ಹೇಳಿ. ಕೊಡುವಾಗ ನಾಲ್ಕೂ ಮೂಲೆ, ಕೀಲಿಮಣೆ, ಪರದೆಯ ಫೋಟೊ ತೆಗೆದಿದ್ದರೆ ಬಿರುಕು, ಗೀರುಗಳನ್ನು ನಿಮ್ಮ ತಲೆಗೆ ಕಟ್ಟಲಾರರು.

● "ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ" ಎಂಬ ಬೋರ್ಡಿಗೆ ಹೆದರಬೇಡಿ. ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸಿರದಿದ್ದರೆ 30 ದಿನದೊಳಗೆ, ದೋಷಪೂರಿತ ಸರಕನ್ನು ಹಿಂಪಡೆದು ಹಣ ಕೊಡಲು ಒಪ್ಪದಿರುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ.

● ಅಪ್ಪ ಕೊಡಿಸಿದ ಲ್ಯಾಪ್‌ಟಾಪ್ ಬಳಸುವ ಮಗಳೂ ಕಾನೂನಿನ ಕಣ್ಣಲ್ಲಿ ಗ್ರಾಹಕಳೇ. ಮನೆಯಲ್ಲೇ ಡಿಟಿಪಿ ಮಾಡಿಕೊಂಡು ಹೊಟ್ಟೆ ಹೊರೆಯುವವರೂ ಗ್ರಾಹಕರೇ. ಸ್ವಂತ ಜೀವನೋಪಾಯಕ್ಕೆಂದೇ ಕೊಂಡದ್ದು ವಾಣಿಜ್ಯ ಉದ್ದೇಶವೆನಿಸುವುದಿಲ್ಲ. ಮರುಮಾರಾಟಕ್ಕೋ ವಾಣಿಜ್ಯ ಉದ್ದೇಶಕ್ಕೋ ಕೊಂಡವರಿಗೆ ಮಾತ್ರ ಈ ಬಾಗಿಲು ತೆರೆಯುವುದಿಲ್ಲ.

● ಆನ್‌ಲೈನಿನಲ್ಲಿ ಕೊಂಡಿರಾ? 2020ರ ಇ-ಕಾಮರ್ಸ್ ನಿಯಮಗಳಂತೆ ಆ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದಕ್ಕೆ ಉತ್ತರಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

● ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಅವರು ಕಂಪನಿಯೊಡನೆ ಮಾತಾಡಿ ಇತ್ಯರ್ಥಕ್ಕೆ ಯತ್ನಿಸುತ್ತಾರೆ. ಆದೇಶ ಕೊಡುವ ಅಧಿಕಾರ ಮಾತ್ರ ಅವರಿಗಿಲ್ಲ.

● ಆದೇಶ ಬೇಕಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ಕಲಬುರಗಿಯವರು ಕಲಬುರಗಿಯಲ್ಲೇ ದೂರು ಸಲ್ಲಿಸಬಹುದು. 1986ರ ಹಳೆಯ ಕಾಯ್ದೆಯಲ್ಲಿ ಇಲ್ಲದಿದ್ದ ಈ ಅನುಕೂಲ 2020ರ ಜುಲೈ 20ರಿಂದ ಜಾರಿಗೆ ಬಂತು. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲೂ ಕೋರಬಹುದು. ಅಂಗಡಿ, ತಯಾರಕ ಕಂಪನಿ, ಸರ್ವಿಸ್ ಸೆಂಟರ್ ಮೂರನ್ನೂ ಪ್ರತಿವಾದಿಗಳನ್ನಾಗಿಸಿ. ಒಬ್ಬರನ್ನು ಬಿಟ್ಟರೆ ಉಳಿದವರು ತಪ್ಪನ್ನು ಅವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಾರೆ.

● ಎದುರು ಪಕ್ಷ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದರಾಚೆಗೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ದೋಷ ಪತ್ತೆಗೆ ಆಯೋಗ ಲ್ಯಾಪ್‌ಟಾಪನ್ನು ಪ್ರಯೋಗಾಲಯಕ್ಕೂ ಕಳಿಸಬಹುದು, ಅದರ ಶುಲ್ಕವನ್ನು ದೂರುದಾರರೇ ಮೊದಲು ಕಟ್ಟಬೇಕಾಗಬಹುದು. ಪರೀಕ್ಷೆ ಬೇಡದ ದೂರನ್ನು 3 ತಿಂಗಳಲ್ಲಿ, ಬೇಕಾದದ್ದನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ಅದಕ್ಕಿಂತ ಎಳೆಯುವುದುಂಟು, ತಾಳ್ಮೆ ಇರಲಿ.

● ಗೆದ್ದ ಮೇಲೂ ಹಣ ಕೊಡದಿದ್ದರೆ? ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

● ಎಲ್ಲಕ್ಕಿಂತ ಮುಖ್ಯವಾದದ್ದು ಗಡುವು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಆಯೋಗದ ಮೆಟ್ಟಿಲು ಹತ್ತಬೇಕು. ತಡವಾದರೆ ತಕ್ಕ ಕಾರಣ ಕೊಟ್ಟು ಮನ್ನಿಸಿ ಎಂದು ಕೇಳಿಕೊಳ್ಳಬೇಕಾಗುತ್ತದೆ. "ಮುಂದಿನ ವಾರ ಬನ್ನಿ" ಎಂಬ ಮಾತುಗಳಲ್ಲಿ ಕಳೆದ ದಿನಗಳು ತಾವಾಗಿಯೇ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಮೊದಲ ಸಲ ಕೆಟ್ಟ ತಾರೀಖಿನಿಂದಲೇ ಎಣಿಸಿ. ಎರಡನೇ ಸಲ ಅದೇ ದೋಷಕ್ಕೆ ಕೊಟ್ಟು ಬಂದಿದ್ದೀರಾದರೆ, ಬಿಲ್ಲು ಮತ್ತು ಜಾಬ್ ಶೀಟುಗಳನ್ನು ಇವತ್ತೇ ಒಂದು ಫೈಲಿಗೆ ಸೇರಿಸಿ.