ಬಕೆಟ್ಟಿನ ಸದ್ದಿಗೆ ಇಳಿಯುವ ಹಾಲು

ತರೀಕೆರೆ ಕಡೆಯ ಅಮೃತಾಪುರಕ್ಕೆ ಹೊರಗಿನವರು ಬರುವುದು ಗುಡಿ ನೋಡಲು. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ನೋಡಬೇಕಾದದ್ದೇ. ಆದರೆ ಪ್ರಾಣಿಗಳು ಹೇಗೆ ಕಲಿಯುತ್ತವೆ ಎಂಬ ಕುತೂಹಲ ಇದ್ದವರು ನಸುಕಿನಲ್ಲೆದ್ದು ಆ ಸೀಮೆಯ ಯಾವುದಾದರೊಂದು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಬೇಕು.

ಸ್ಟೀಲ್ ಬಕೆಟ್ಟಿನ ಹಿಡಿ ಟಣ್ಣೆನ್ನುತ್ತದೆ. ಹಸು ಕಿವಿ ನಿಮಿರಿಸುತ್ತದೆ. ಕರು ಇನ್ನೂ ಗೂಟದಲ್ಲೇ ಇದೆ, ಕೆಚ್ಚಲನ್ನು ಯಾರೂ ಮುಟ್ಟಿಲ್ಲ. ಆದರೂ ಮೊಲೆ ಬಿಗಿಯುತ್ತದೆ, ಕೆಲವಕ್ಕೆ ಹಾಲು ತೊಟ್ಟಿಕ್ಕುವುದೂ ಉಂಟು. ಇದನ್ನೇ ಹಸು ಸೊರಬಿಟ್ಟಿತು ಎನ್ನುತ್ತಾರೆ.

ಕರು ಮೊಲೆಗೆ ಬಾಯಿ ಹಾಕಿದಾಗ ಸೊರಬಿಡುವುದಕ್ಕೆ ಕಲಿಕೆ ಬೇಡ. ಆ ಸ್ಪರ್ಶ ಮಿದುಳು ಮುಟ್ಟಿದರೆ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ರಕ್ತಕ್ಕಿಳಿಯುತ್ತದೆ. ಕೆಚ್ಚಲೊಳಗಿನ ಹಾಲಿನ ಚೀಲಗಳನ್ನು ಸುತ್ತಿಕೊಂಡ ಕೋಶಗಳು ಹಿಂಡಿ ಹಾಲನ್ನು ಕೆಳಗೆ ತಳ್ಳುತ್ತವೆ. ಬಕೆಟ್ಟಿನ ಸದ್ದಿಗೆ ಹುಟ್ಟಿನಿಂದ ಈ ಶಕ್ತಿಯಿಲ್ಲ. ಅದು ದಿನದಿನವೂ ಕರುವಿನ ಮುಂಚೆ ಬಂದು ಸಂಪಾದಿಸಿಕೊಂಡದ್ದು.

ರಷ್ಯಾದ ಶರೀರವಿಜ್ಞಾನಿ ಇವಾನ್ ಪಾವ್ಲೊವ್ ನಾಯಿಗಳ ಜೊಲ್ಲಿನಲ್ಲಿ ಕಂಡದ್ದೂ ಇದನ್ನೇ: ಊಟದ ಮುನ್ಸೂಚನೆಗೇ ಜೊಲ್ಲು ಇಳಿಯುವುದನ್ನು. ಎರಡು ಸಂಗತಿ ಮತ್ತೆಮತ್ತೆ ಜೊತೆಗೆ ಬಂದರೆ ಮನಸ್ಸು ಅವನ್ನು ಗಂಟು ಹಾಕುತ್ತದೆ ಎಂದು ಬಹುಕಾಲ ನಂಬಿದ್ದರು. ನನಗೆ ಇದು ಅರೆಸತ್ಯ. ಹಾಲು ಕರೆಯುವ ಹೊತ್ತಿಗೆ ಕೋಳಿಯೂ ಕೂಗುತ್ತದಲ್ಲ, ಹಸು ಅದಕ್ಕೇಕೆ ಸೊರಬಿಡದು?

ಕೋಳಿ ಮಧ್ಯಾಹ್ನವೂ ಕೂಗುತ್ತದೆ, ಅದಕ್ಕೆ. 1968ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ರೆಸ್ಕೋರ್ಲಾ ಇಲಿಗಳಿಗೆ ಶಬ್ದ ಕೇಳಿಸಿ ಸಣ್ಣ ಶಾಕ್ ಕೊಟ್ಟ. ಶಬ್ದವಿಲ್ಲದಾಗಲೂ ಅಷ್ಟೇ ಶಾಕ್ ತಿಂದ ಇಲಿಗಳು ಶಬ್ದಕ್ಕೆ ಹೆದರಲು ಕಲಿಯಲಿಲ್ಲ, ಶಬ್ದವೂ ಶಾಕೂ ಜೊತೆಗೂಡಿದ ಲೆಕ್ಕ ಉಳಿದ ಇಲಿಗಳಷ್ಟೇ ಆಗಿದ್ದರೂ. ಮುಂದೇನು ಬರಲಿದೆ ಎಂದು ತಿಳಿಸದ ಶಬ್ದ ಅವಕ್ಕೆ ಬರೀ ಗದ್ದಲ. ಇನ್ನೂ ಸೊಗಸಾದದ್ದು ಮನೋವಿಜ್ಞಾನಿ ಲಿಯೊನ್ ಕಾಮಿನ್ ಕಂಡದ್ದು: ಶಬ್ದವೇ ಎಲ್ಲವನ್ನೂ ಹೇಳುತ್ತಿರುವಾಗ ಜೊತೆಗೊಂದು ದೀಪ ಹೊತ್ತಿಸಿದರೆ ಇಲಿ ಆ ದೀಪವನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ಇಡುವುದಿಲ್ಲ. ಗೊತ್ತಿರುವ ಸುದ್ದಿ ತಂದವನಿಗೆ ಮಣೆ ಹಾಕುವವರಾರು?

ಸೂಚನೆಗೂ ಫಲಕ್ಕೂ ನಡುವೆ ಬಿಡುವಿದ್ದರೆ? ಬಕೆಟ್ಟಿನ ಸದ್ದು ಅಡಗಿ ಸ್ವಲ್ಪ ಹೊತ್ತಾದ ಮೇಲೆ ತಾನೆ ಕರು ಬರುವುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಮೆಹ್ರಾಬ್ ಮೋದಿ, ಅಶೇಷ್ ಧವಳೆ ಮತ್ತು ಉಪಿಂದರ್ ಭಲ್ಲಾ ಇಂಥದೇ ಬಿಡುವನ್ನು ಸುಂಡಿಲಿಯ ಮಿದುಳಲ್ಲಿ ಹುಡುಕಿದರು, 2014ರಲ್ಲಿ ಪ್ರಕಟಿಸಿದರು. ಒಂದು ಶಬ್ದ, ಕಣ್ಣು ಮಿಟುಕಿಸುವಷ್ಟು ಮೌನ, ಆಮೇಲೆ ಕಣ್ಣಿಗೆ ಗಾಳಿಯ ಊದು. ಊದು ತಾಗುವ ಮೊದಲೇ ರೆಪ್ಪೆ ಮುಚ್ಚಲು ಕಲಿತ ಇಲಿಗಳ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಕೋಶಗಳು ಒಂದಾದ ಮೇಲೊಂದು ಸರದಿಯಂತೆ ಚುರುಕಾಗುತ್ತಿದ್ದವು. ಖಾಲಿ ಹೊತ್ತನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ.

ಮತ್ತೆ ಕೊಟ್ಟಿಗೆಗೆ ಬರೋಣ. ಅಮೃತಾಪುರದ ಪಕ್ಕದ ಅಜ್ಜಂಪುರದಲ್ಲಿ ಅಮೃತ ಮಹಲ್ ಎಂಬ ನಾಟಿ ತಳಿಯ ಸಂವರ್ಧನಾ ಕೇಂದ್ರವಿದೆ. ಇಂಥ ನಾಟಿ ಹಸುಗಳಲ್ಲಿ ಹಲವು ಇಂದಿಗೂ ಕರು ಎದುರಿಲ್ಲದೆ ಹಾಲು ಬಿಡವು. ಸೀಮೆಹಸು ಮಾತ್ರ ಬೂಸಾದ ವಾಸನೆಗೋ ಹಾಲು ಕರೆಯುವ ಯಂತ್ರದ ಮೋಟಾರಿನ ಸದ್ದಿಗೋ ಒಗ್ಗಿಬಿಡುತ್ತದೆ.

ಬರಿದೇ ಬಕೆಟ್ ಬಡಿದು ಹಾಲು ಕರೆಯದೆ ಬಿಟ್ಟರೆ ಕೆಲವು ದಿನಗಳಲ್ಲಿ ಸದ್ದಿನ ಬಲ ಕುಂದುತ್ತದೆ. ಆದರೆ ಕಲಿತದ್ದು ಅಳಿಸಿಹೋಯಿತು ಎನ್ನುವಂತಿಲ್ಲ. ಪಾವ್ಲೊವನ ನಾಯಿಗಳಿಗೆ ಹೀಗೆ ಮರೆಸಿ, ಕೆಲಹೊತ್ತು ಸುಮ್ಮನೆ ಬಿಟ್ಟು ಮತ್ತೆ ಅದೇ ಸೂಚನೆ ಕೊಟ್ಟಾಗ ಬಾಯಲ್ಲಿ ಜೊಲ್ಲು ಮತ್ತೆ ಒಸರುತ್ತಿತ್ತು.